ಶಾಲಾ ವಾಹನಗಳಲ್ಲಿ ವಿದ್ಯಾರ್ಥಿಗಳ ಸುರಕ್ಷತೆ ಮತ್ತು ಅನುಕೂಲ: ಪೋಷಕರಿಗೆ ಹಾಗೂ ಶಾಲಾ ಆಡಳಿತ ಮಂಡಳಿಗಳಿಗೆ ಮಾಹಿತಿ

1. ಪೀಠಿಕೆ

ಕರ್ನಾಟಕ ರಾಜ್ಯದ ನಗರ, ಪಟ್ಟಣ ಹಾಗೂ ಗ್ರಾಮಾಂತರ ಪ್ರದೇಶಗಳಲ್ಲಿ ಪ್ರತಿದಿನ ಅಸಂಖ್ಯಾತ ವಿದ್ಯಾರ್ಥಿಗಳು ವಾಹನಗಳ ಮೂಲಕ ಶಾಲೆಗೆ ಹೋಗಿ ಬರುತ್ತಾರೆ. ಇವರಲ್ಲಿ ಕೆಲವರು ಶಾಲೆಯ ಸ್ವಂತ ಬಸ್ಸಿನಲ್ಲಿ, ಕೆಲವರು ಶಾಲೆಯು ಗುತ್ತಿಗೆಗೆ ಪಡೆದ ವಾಹನದಲ್ಲಿ, ಕೆಲವರು ಪೋಷಕರೇ ಸೇರಿ ಗೊತ್ತುಮಾಡಿದ ವ್ಯಾನ್ ಅಥವಾ ಆಟೋರಿಕ್ಷಾದಲ್ಲಿ, ಮತ್ತೆ ಕೆಲವರು ರಸ್ತೆ ಸಾರಿಗೆ ನಿಗಮಗಳ ಬಸ್ಸುಗಳಲ್ಲಿ ಪ್ರಯಾಣಿಸುತ್ತಾರೆ. ಮಗುವು ಮನೆಯ ಬಾಗಿಲಿನಿಂದ ಶಾಲೆಯ ಬಾಗಿಲಿನವರೆಗೆ ಕಳೆಯುವ ಈ ಅವಧಿಯಲ್ಲಿ ಪೋಷಕರ ಕಣ್ಣೂ ಶಿಕ್ಷಕರ ಕಣ್ಣೂ ಅದರ ಮೇಲೆ ಇರುವುದಿಲ್ಲ. ಆದುದರಿಂದ ವಾಹನ, ಚಾಲಕ ಹಾಗೂ ಸಹಾಯಕರ ವಿಷಯದಲ್ಲಿ ಕಾನೂನು ಕೆಲವು ನಿರ್ದಿಷ್ಟ ಷರತ್ತುಗಳನ್ನು ವಿಧಿಸಿದೆ.

ಈ ಷರತ್ತುಗಳು ಯಾವುವು, ವಾಹನಕ್ಕೆ ಯಾವ ದಾಖಲೆಗಳು ಇರತಕ್ಕದ್ದು, ಪೋಷಕರು ಏನನ್ನು ಪರಿಶೀಲಿಸಬಹುದು ಮತ್ತು ಲೋಪ ಕಂಡುಬಂದಲ್ಲಿ ಯಾರಿಗೆ ದೂರು ನೀಡಬಹುದು ಎಂಬುದನ್ನು ಈ ಪುಟದಲ್ಲಿ ವಿವರಿಸಲಾಗಿದೆ.

2. ನಿಯಮಗಳ ಹಿನ್ನೆಲೆ

1997ರ ನವೆಂಬರ್ 18ರಂದು ದೆಹಲಿಯ ವಜೀರಾಬಾದ್ ಬಳಿ ಮಕ್ಕಳಿಂದ ಕಿಕ್ಕಿರಿದಿದ್ದ ಶಾಲಾ ಬಸ್ಸೊಂದು ಸೇತುವೆಯಿಂದ ಯಮುನಾ ನದಿಗೆ ಉರುಳಿ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಮೃತಪಟ್ಟರು. ಈ ದುರಂತದ ಬೆನ್ನಿಗೆ ಸರ್ವೋಚ್ಚ ನ್ಯಾಯಾಲಯವು ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಶಿಕ್ಷಣ ಸಂಸ್ಥೆಗಳ ಬಸ್ಸುಗಳ ಬಗ್ಗೆ ನಿರ್ದೇಶನಗಳನ್ನು ನೀಡಿತು. ಚಾಲಕರ ಅನುಭವ ಮತ್ತು ಪೂರ್ವಚರಿತ್ರೆ, ಸಮವಸ್ತ್ರ, ವೇಗ ನಿಯಂತ್ರಕ ಹಾಗೂ ವಾಹನದ ಮೇಲಿನ ಬರಹದ ಕುರಿತ ಇಂದಿನ ಷರತ್ತುಗಳಿಗೆ ಈ ನಿರ್ದೇಶನಗಳೇ ಮೂಲವಾಗಿವೆ.

ಕರ್ನಾಟಕದಲ್ಲಿ ಶಾಲಾ ಮಕ್ಕಳನ್ನು ಸಾಗಿಸುವ ವಾಹನಗಳಿಗೆ ಷರತ್ತುಗಳನ್ನು ವಿಧಿಸುವ ಪ್ರತ್ಯೇಕ ಮೋಟಾರು ವಾಹನ ನಿಯಮಗಳನ್ನು 2012ರಲ್ಲಿ ರೂಪಿಸಲಾಯಿತು. ಇವುಗಳ ಜೊತೆಗೆ ಮೋಟಾರು ವಾಹನಗಳ ಕಾಯ್ದೆ, 1988 ಮತ್ತು ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989 ಸಹ ಅನ್ವಯವಾಗುತ್ತವೆ. ಕೇಂದ್ರ ಪ್ರೌಢ ಶಿಕ್ಷಣ ಮಂಡಳಿಯು 2017ರ ಫೆಬ್ರವರಿಯಲ್ಲಿ ತನ್ನ ಸಂಯೋಜಿತ ಶಾಲೆಗಳಿಗೆ ಪ್ರತ್ಯೇಕ ಸುತ್ತೋಲೆ ಹೊರಡಿಸಿ, ಬಸ್ಸುಗಳಲ್ಲಿ ಜಿ.ಪಿ.ಎಸ್. ಹಾಗೂ ಸಿ.ಸಿ.ಟಿ.ವಿ. ಅಳವಡಿಕೆಯನ್ನೂ ಸೂಚಿಸಿದೆ.

ನಿಯಮಗಳು ಜಾರಿಯಲ್ಲಿದ್ದ ಮಾತ್ರಕ್ಕೆ ಅಪಾಯ ತಪ್ಪುವುದಿಲ್ಲ. 2016ರ ಜೂನ್ ತಿಂಗಳಿನಲ್ಲಿ ಉಡುಪಿ ಜಿಲ್ಲೆಯ ಕುಂದಾಪುರ ತಾಲ್ಲೂಕಿನ ತ್ರಾಸಿ ಬಳಿ ಶಾಲಾ ಮಕ್ಕಳಿದ್ದ ಓಮ್ನಿ ವ್ಯಾನ್‌ಗೆ ಬಸ್ಸು ಡಿಕ್ಕಿ ಹೊಡೆದು ಎಂಟು ಮಕ್ಕಳು ಸಾವನ್ನಪ್ಪಿದರು. ಬೃಹತ್ ವಾಹನಗಳು ಓಡಾಡುವ ಹೆದ್ದಾರಿಯಲ್ಲಿ ಚಿಕ್ಕ ವ್ಯಾನ್‌ನಲ್ಲಿ ಕುಳಿತ ಮಕ್ಕಳಿಗೆ ಇರುವ ರಕ್ಷಣೆ ಎಷ್ಟು ಅಲ್ಪವೆಂಬುದನ್ನು ಈ ಘಟನೆ ತೋರಿಸಿತು.

3. ವಾಹನಗಳ ವಿಧಗಳು

ಅ) ಶಿಕ್ಷಣ ಸಂಸ್ಥೆಯ ಬಸ್ಸು: ಶಾಲೆ, ಕಾಲೇಜು ಅಥವಾ ಇತರೆ ಶಿಕ್ಷಣ ಸಂಸ್ಥೆಯ ಒಡೆತನದಲ್ಲಿದ್ದು, ಸಂಸ್ಥೆಯ ಚಟುವಟಿಕೆಗಳಿಗೆ ಸಂಬಂಧಿಸಿದಂತೆ ವಿದ್ಯಾರ್ಥಿಗಳನ್ನು ಅಥವಾ ಸಿಬ್ಬಂದಿಯನ್ನು ಸಾಗಿಸಲು ಮಾತ್ರ ಬಳಸುವ ಬಸ್ಸು ಎಂದು ಕಾಯ್ದೆಯ ಕಲಂ 2(11) ಹೇಳುತ್ತದೆ. ಇದು ಸಾರಿಗೆ ವಾಹನವೆಂದೇ ಪರಿಗಣಿಸಲ್ಪಡುತ್ತದೆ. ಈ ಬಸ್ಸನ್ನು ಮದುವೆ, ದಿಬ್ಬಣ ಅಥವಾ ಪ್ರವಾಸಗಳಿಗೆ ಬಾಡಿಗೆಗೆ ನೀಡುವುದು ಅದರ ಉದ್ದೇಶಕ್ಕೆ ವಿರುದ್ಧವಾದುದಾಗಿರುತ್ತದೆ.

ಆ) ಗುತ್ತಿಗೆ ವಾಹನ: ಖಾಸಗಿ ಮಾಲೀಕರಿಂದ ಶಾಲೆಯು ಗುತ್ತಿಗೆಗೆ ಪಡೆದ ಬಸ್ಸು ಅಥವಾ ಮ್ಯಾಕ್ಸಿಕ್ಯಾಬ್. ಇಂತಹ ವಾಹನವು ಮಕ್ಕಳನ್ನು ಕರೆದೊಯ್ಯುವಾಗ ಅದರ ಮುಂದೆ ಮತ್ತು ಹಿಂದೆ ‘ಶಾಲಾ ಕರ್ತವ್ಯದ ಮೇಲೆ’ ಎಂಬ ಬರಹವಿರತಕ್ಕದ್ದು. ಮಾಲೀಕತ್ವ ಬೇರೆಯವರದ್ದಾದರೂ ಸುರಕ್ಷತೆಯ ಷರತ್ತುಗಳು ಬದಲಾಗುವುದಿಲ್ಲ.

ಇ) ಪೋಷಕರು ಗೊತ್ತುಮಾಡಿದ ವ್ಯಾನ್ ಮತ್ತು ಆಟೋರಿಕ್ಷಾ: ಇವುಗಳಿಗೂ ಸಾರಿಗೆ ವಾಹನದ ನೋಂದಣಿ ಹಾಗೂ ರಹದಾರಿ ಇರುವುದು ಕಡ್ಡಾಯ. ಈ ಬಗ್ಗೆ 9ನೆಯ ಶೀರ್ಷಿಕೆಯಡಿ ವಿವರಿಸಲಾಗಿದೆ.

4. ವಾಹನಕ್ಕೆ ಇರಬೇಕಾದ ದಾಖಲೆಗಳು

(1) ನೋಂದಣಿ ಪ್ರಮಾಣಪತ್ರ: ಹೊಸ ಬಸ್ಸನ್ನು ಖರೀದಿಸಿದ ಸಂಸ್ಥೆಯು ನಮೂನೆ 20ರಲ್ಲಿ ನೋಂದಣಿಗೆ ಅರ್ಜಿ ಸಲ್ಲಿಸತಕ್ಕದ್ದು. ಪ್ರಮಾಣಪತ್ರದಲ್ಲಿ ವಾಹನದ ವರ್ಗ ಹಾಗೂ ಆಸನಗಳ ಸಂಖ್ಯೆ ನಮೂದಾಗಿರುತ್ತವೆ.

(2) ರಹದಾರಿ: ಶಿಕ್ಷಣ ಸಂಸ್ಥೆಗಳ ವಾಹನಗಳಿಗೆ ಹಿಂದೆ ಇದ್ದ ರಹದಾರಿ ವಿನಾಯಿತಿಯನ್ನು 1994ರ ತಿದ್ದುಪಡಿ ಕಾಯ್ದೆಯ ಮೂಲಕ ತೆಗೆದುಹಾಕಲಾಗಿದೆ. ರಹದಾರಿ ಇಲ್ಲದೆ ಸಾರಿಗೆ ವಾಹನವನ್ನು ಓಡಿಸುವುದು ಕಲಂ 192ಎ ಅನ್ವಯ ದಂಡನೀಯ ಅಪರಾಧವಾಗಿರುತ್ತದೆ.

(3) ಅರ್ಹತಾ ಪತ್ರ: ವಾಹನವು ರಸ್ತೆಯಲ್ಲಿ ಓಡಲು ಯೋಗ್ಯವಾಗಿದೆ ಎಂಬುದಕ್ಕೆ ನಮೂನೆ 38ರಲ್ಲಿ ನೀಡುವ ಪತ್ರವಿದು. ರೂಢಿಯಲ್ಲಿ ಇದನ್ನು ಎಫ್.ಸಿ. ಎನ್ನುತ್ತಾರೆ. ಹೊಸ ವಾಹನಕ್ಕೆ ಮೊದಲ ಎರಡು ವರ್ಷ ಪ್ರತ್ಯೇಕ ತಪಾಸಣೆ ಇರುವುದಿಲ್ಲ. ಆ ನಂತರ ವಾಹನಕ್ಕೆ ಎಂಟು ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ, ತದನಂತರ ಪ್ರತಿವರ್ಷ ಇದನ್ನು ನವೀಕರಿಸತಕ್ಕದ್ದು. ಅರ್ಹತಾ ಪತ್ರವಿಲ್ಲದ ಸಾರಿಗೆ ವಾಹನವು ಕಲಂ 56ರ ಪ್ರಕಾರ ನೋಂದಣಿಯಾಗಿದೆ ಎಂದೇ ಪರಿಗಣಿಸಲ್ಪಡುವುದಿಲ್ಲ.

(4) ವಿಮೆ: ಕಲಂ 146ರ ಅನ್ವಯ ವಿಮೆ ಕಡ್ಡಾಯ. ವಿಮಾ ಪಾಲಿಸಿಯು ವಾಹನದಲ್ಲಿ ಪ್ರಯಾಣಿಸುವ ಮಕ್ಕಳನ್ನೂ ಒಳಗೊಂಡಿದೆಯೇ, ಒಳಗೊಂಡಿದ್ದರೆ ಎಷ್ಟು ಆಸನಗಳಿಗೆ ಎಂಬುದನ್ನು ಸಂಸ್ಥೆಯು ಖಚಿತಪಡಿಸಿಕೊಳ್ಳತಕ್ಕದ್ದು.

(5) ಹೊಗೆ ತಪಾಸಣಾ ಪ್ರಮಾಣಪತ್ರ: ಭಾರತ್ ಸ್ಟೇಜ್ 4 ಹಾಗೂ 6ರ ವಾಹನಗಳಿಗೆ ಇದರ ಅವಧಿ ಒಂದು ವರ್ಷ, ಅದಕ್ಕಿಂತ ಹಳೆಯ ಮಾನದಂಡದ ವಾಹನಗಳಿಗೆ ಆರು ತಿಂಗಳು.

(6) ಚಾಲಕರ ಚಾಲನಾ ಅನುಜ್ಞಾ ಪತ್ರ: ಇದು ಸಂಬಂಧಿತ ವರ್ಗದ ಸಾರಿಗೆ ವಾಹನಕ್ಕೆ ಅನ್ವಯವಾಗುವಂತಿರತಕ್ಕದ್ದು.

ಮೇಲ್ಕಂಡ ಸೇವೆಗಳಿಗೆ ‘ಪರಿವಾಹನ್’ ಜಾಲತಾಣದ ಮೂಲಕ ಅರ್ಜಿ ಸಲ್ಲಿಸಬಹುದಾಗಿದೆ. ಎಫ್.ಸಿ. ನವೀಕರಣವನ್ನು ಬೇಸಿಗೆ ರಜೆಯಲ್ಲಿಯೇ ಪೂರೈಸಿಕೊಳ್ಳುವುದು ಸೂಕ್ತ. ಶಾಲೆಗಳು ಪುನರಾರಂಭವಾದ ನಂತರ ಅರ್ಜಿ ಸಲ್ಲಿಸಿದಲ್ಲಿ, ವಾಹನ ತಪಾಸಣೆಗೆ ಹೋದ ದಿನ ಮಕ್ಕಳಿಗೆ ಬದಲಿ ವಾಹನದ ಕೊರತೆಯಾಗಿ, ಉಳಿದ ಬಸ್ಸುಗಳಲ್ಲಿ ಮಿತಿಮೀರಿ ಮಕ್ಕಳನ್ನು ತುಂಬುವ ಪರಿಸ್ಥಿತಿ ಉಂಟಾಗುತ್ತದೆ.

5. ವಾಹನದ ರಚನೆ ಮತ್ತು ಸುರಕ್ಷತಾ ಸಲಕರಣೆಗಳು

(1) ಬಸ್ಸಿಗೆ ಹಳದಿ ಬಣ್ಣ ಬಳಿದಿರತಕ್ಕದ್ದು. ಮುಂದೆ ಮತ್ತು ಹಿಂದೆ ‘ಶಾಲಾ ವಾಹನ’ ಎಂಬ ಬರಹವು ದೂರದಿಂದಲೇ ಓದಲು ಬರುವಂತಿರತಕ್ಕದ್ದು. ಮುಂಜಾನೆಯ ಮಂಜಿನಲ್ಲಿಯೂ ಮಬ್ಬು ಬೆಳಕಿನಲ್ಲಿಯೂ ಹಳದಿ ಬಣ್ಣ ಬೇಗ ಕಣ್ಣಿಗೆ ಬೀಳುತ್ತದೆ.

(2) ಶಾಲೆಯ ಹೆಸರು ಹಾಗೂ ದೂರವಾಣಿ ಸಂಖ್ಯೆಯನ್ನು ವಾಹನದ ಮೇಲೆ ಸ್ಪಷ್ಟವಾಗಿ ಬರೆಸಿರತಕ್ಕದ್ದು. ಅಡ್ಡಾದಿಡ್ಡಿ ಚಾಲನೆಯನ್ನು ಕಂಡ ದಾರಿಹೋಕರೂ ತಕ್ಷಣ ಶಾಲೆಗೆ ತಿಳಿಸಲು ಇದರಿಂದ ಅನುಕೂಲವಾಗುತ್ತದೆ.

(3) ಕಿಟಕಿಗಳಿಗೆ ಅಡ್ಡ ಸರಳುಗಳಿರತಕ್ಕದ್ದು. ಮಕ್ಕಳು ತಲೆ ಅಥವಾ ಕೈಯನ್ನು ಹೊರಗೆ ಚಾಚದಂತೆ ಸರಳುಗಳ ನಡುವಿನ ಅಂತರ ಕಡಿಮೆಯಿರಬೇಕು. ಪರದೆಯಾಗಲಿ ಕಪ್ಪು ಹಾಳೆಯಾಗಲಿ ಕಿಟಕಿಗೆ ಇರಕೂಡದು. ವಾಹನದ ಒಳಭಾಗವು ಹೊರಗಿನವರಿಗೆ ಕಾಣುತ್ತಿರಬೇಕು.

(4) ಬಾಗಿಲಿಗೆ ಭದ್ರವಾದ ಚಿಲಕವಿರತಕ್ಕದ್ದು. ಬಾಗಿಲು ಮುಚ್ಚಿದ ಹೊರತು ವಾಹನವನ್ನು ಚಲಾಯಿಸಕೂಡದು.

(5) ತುರ್ತು ನಿರ್ಗಮನ ದ್ವಾರವು ಸದಾ ತೆರೆಯುವ ಸ್ಥಿತಿಯಲ್ಲಿರತಕ್ಕದ್ದು. ಅದಕ್ಕೆ ಅಡ್ಡಲಾಗಿ ಹೆಚ್ಚುವರಿ ಆಸನ, ಹೆಚ್ಚುವರಿ ಚಕ್ರ ಅಥವಾ ಚೀಲಗಳನ್ನು ಇಡಕೂಡದು.

(6) ಪ್ರಥಮ ಚಿಕಿತ್ಸಾ ಪೆಟ್ಟಿಗೆ ಹಾಗೂ ಅಗ್ನಿಶಾಮಕ ಸಾಧನ ಇರತಕ್ಕದ್ದು. ಔಷಧಿಗಳ ಅವಧಿ ಹಾಗೂ ಸಾಧನದ ಒತ್ತಡ ಸೂಚಕವನ್ನು ಆಗಾಗ್ಗೆ ಪರೀಕ್ಷಿಸಬೇಕು. ಬೆಂಕಿ ಆರಿಸುವ ವಿಧಾನವನ್ನು ಚಾಲಕರೂ ಸಹಾಯಕರೂ ತಿಳಿದಿರತಕ್ಕದ್ದು. ಶಾಲಾ ಬಸ್ಸುಗಳ ಪ್ರಯಾಣಿಕರ ಭಾಗದಲ್ಲಿ ಅಗ್ನಿ ಎಚ್ಚರಿಕೆ ಮತ್ತು ರಕ್ಷಣಾ ವ್ಯವಸ್ಥೆ ಅಳವಡಿಸುವ ಬಗ್ಗೆ ಕೇಂದ್ರ ಸರ್ಕಾರವು 2022ರಲ್ಲಿ ಅಧಿಸೂಚನೆ ಹೊರಡಿಸಿದ್ದು, ಹೊಸ ಬಸ್ಸು ಖರೀದಿಸುವ ಸಂಸ್ಥೆಗಳು ಇದನ್ನು ತಯಾರಕರಿಂದ ಖಚಿತಪಡಿಸಿಕೊಳ್ಳಬೇಕು.

(7) ವೇಗ ನಿಯಂತ್ರಕ: ಕೇಂದ್ರ ಮೋಟಾರು ವಾಹನಗಳ ನಿಯಮ 118ರ ಪ್ರಕಾರ ಶಾಲಾ ಬಸ್ಸಿನ ವೇಗ ನಿಯಂತ್ರಕವನ್ನು ಗಂಟೆಗೆ 60 ಕಿ.ಮೀ. ಮೀರದಂತೆ ನಿಗದಿಪಡಿಸತಕ್ಕದ್ದು. ಕೇಂದ್ರ ಪ್ರೌಢ ಶಿಕ್ಷಣ ಮಂಡಳಿಯ ಸುತ್ತೋಲೆಯು ತನ್ನ ಶಾಲೆಗಳಿಗೆ ಗಂಟೆಗೆ 40 ಕಿ.ಮೀ. ಮಿತಿಯನ್ನು ಸೂಚಿಸಿದೆ. ನಿಯಂತ್ರಕವನ್ನು ಕಳಚುವುದು ಅಥವಾ ಅದರ ತಂತಿಯನ್ನು ಕತ್ತರಿಸುವುದು ಅಪರಾಧವಾಗಿರುತ್ತದೆ.

6. ಮಕ್ಕಳ ಅನುಕೂಲ

ಸುರಕ್ಷತೆ ಮತ್ತು ಅನುಕೂಲ ಬೇರೆಬೇರೆ ಸಂಗತಿಗಳಲ್ಲ. ಆಸನ ಸಿಗದೆ ನಿಂತ ಮಗುವು ಹಠಾತ್ ಬ್ರೇಕ್ ಹಾಕಿದಾಗ ಮೊದಲು ಬೀಳುತ್ತದೆ. ಚೀಲವನ್ನು ತೊಡೆಯ ಮೇಲೆ ಹೊತ್ತು ಕುಳಿತ ಮಗುವಿಗೆ ಮುಂದಿನ ಕಂಬಿಯನ್ನು ಹಿಡಿಯಲು ಕೈ ಖಾಲಿ ಇರುವುದಿಲ್ಲ.

(1) ಆಸನ: ಪ್ರತಿ ಮಗುವಿಗೂ ಕುಳಿತುಕೊಳ್ಳಲು ಸ್ಥಳವಿರಬೇಕು. ಚಾಲಕರ ಪಕ್ಕದ ಎಂಜಿನ್ ಮುಚ್ಚಳದ ಮೇಲೆ, ಮೆಟ್ಟಿಲಿನ ಮೇಲೆ ಅಥವಾ ಆಸನಗಳ ನಡುವೆ ಹಾಕಿದ ಹಲಗೆಯ ಮೇಲೆ ಮಕ್ಕಳನ್ನು ಕೂರಿಸಕೂಡದು. ಮಿತಿಗಿಂತ ಹೆಚ್ಚು ಜನರನ್ನು ಸಾಗಿಸಿದಲ್ಲಿ ಕಲಂ 194ಎ ಪ್ರಕಾರ ಪ್ರತಿ ಹೆಚ್ಚುವರಿ ಪ್ರಯಾಣಿಕರಿಗೆ ರೂ. 200ರಂತೆ ದಂಡವಿದ್ದು, ಹೆಚ್ಚುವರಿ ಪ್ರಯಾಣಿಕರಿಗೆ ಬದಲಿ ವ್ಯವಸ್ಥೆಯಾಗುವವರೆಗೆ ವಾಹನ ಮುಂದೆ ಸಾಗುವಂತಿಲ್ಲ.

(2) ಚೀಲ: ಶಾಲಾ ಚೀಲಗಳನ್ನು ಇಡಲು ಆಸನದ ಕೆಳಗೆ ಅಥವಾ ಪ್ರತ್ಯೇಕವಾಗಿ ಸ್ಥಳವಿರತಕ್ಕದ್ದು. ವಾಹನದ ಹೊರಗೆ ಚೀಲಗಳನ್ನು ನೇತುಹಾಕಕೂಡದು. ರಾಜ್ಯ ಸರ್ಕಾರವು 2019ರಲ್ಲಿ ಹೊರಡಿಸಿದ ಆದೇಶದಂತೆ ಚೀಲದ ತೂಕವು 1 ಮತ್ತು 2ನೆಯ ತರಗತಿಗೆ 1.5ರಿಂದ 2 ಕಿ.ಗ್ರಾಂ., 3ರಿಂದ 5ನೆಯ ತರಗತಿಗೆ 2ರಿಂದ 3 ಕಿ.ಗ್ರಾಂ., 6ರಿಂದ 8ನೆಯ ತರಗತಿಗೆ 3ರಿಂದ 4 ಕಿ.ಗ್ರಾಂ. ಹಾಗೂ 9 ಮತ್ತು 10ನೆಯ ತರಗತಿಗೆ 4ರಿಂದ 5 ಕಿ.ಗ್ರಾಂ. ಮೀರಬಾರದು. ಚೀಲ ಹಗುರವಾದಷ್ಟೂ ಬಸ್ಸಿನ ಮೆಟ್ಟಿಲು ಹತ್ತುವುದು ಸುಲಭವಾಗುತ್ತದೆ.

(3) ಮೆಟ್ಟಿಲು ಮತ್ತು ಹಿಡಿಕಂಬಿ: ಚಿಕ್ಕ ಮಕ್ಕಳು ಹಾರದೆ ಹತ್ತುವಷ್ಟು ತಗ್ಗಿನಲ್ಲಿ ಮೊದಲ ಮೆಟ್ಟಿಲಿರಬೇಕು. ಮೆಟ್ಟಿಲುಗಳು ಮಳೆಯಲ್ಲಿ ಜಾರದಂತಿದ್ದು, ಮಕ್ಕಳ ಕೈಗೆ ಎಟಕುವ ಎತ್ತರದಲ್ಲಿ ಹಿಡಿಕಂಬಿ ಇರಬೇಕು.

(4) ಪ್ರಯಾಣದ ಅವಧಿ: ಒಂದೇ ಬಸ್ಸು ಎರಡು ಸುತ್ತು ಹೋಗುವ ಕಡೆ ಮೊದಲ ಸುತ್ತಿನ ಮಕ್ಕಳು ನಸುಕಿನಲ್ಲೇ ಮನೆ ಬಿಡಬೇಕಾಗುತ್ತದೆ. ತಿಂಡಿ ತಿನ್ನದೆ ಹೊರಟ ಮಗುವಿಗೆ ಸುತ್ತುಬಳಸಿನ ದಾರಿಯಲ್ಲಿ ವಾಕರಿಕೆ, ತಲೆಸುತ್ತು ಬರುವುದು ಸಾಮಾನ್ಯ. ಮಾರ್ಗವನ್ನು ಪ್ರತಿ ವರ್ಷಾರಂಭದಲ್ಲಿ ಮರುಪರಿಶೀಲಿಸಿ, ಬೆಳಿಗ್ಗೆ ಮೊದಲು ಹತ್ತಿದ ಮಗುವೇ ಸಂಜೆ ಕೊನೆಗೆ ಇಳಿಯುವಂತಾಗದ ಹಾಗೆ ಸಂಜೆಯ ಸರದಿಯನ್ನು ಬದಲಿಸುವುದು ಉತ್ತಮ.

(5) ವಿಶೇಷಚೇತನ ಮಕ್ಕಳು: ಇವರಿಗೆ ಬಾಗಿಲಿನ ಸಮೀಪದ ಆಸನವನ್ನು ಮೀಸಲಿಡಬೇಕು. ಗಾಲಿಕುರ್ಚಿಯನ್ನು ಮಡಿಸಿ ಕಟ್ಟಿಡಲು ಸ್ಥಳವನ್ನೂ ಹತ್ತಿಸಿ ಇಳಿಸಲು ಸಹಾಯವನ್ನೂ ಒದಗಿಸಬೇಕು.

7. ಚಾಲಕರು ಮತ್ತು ಸಹಾಯಕರು

(1) ಚಾಲಕರಿಗೆ ಕನಿಷ್ಠ 5 ವರ್ಷಗಳ ಚಾಲನಾ ಅನುಭವವಿರತಕ್ಕದ್ದು. ಕೆಂಪು ದೀಪ ದಾಟಿದ್ದು, ಪಥಶಿಸ್ತು ಉಲ್ಲಂಘಿಸಿದ್ದು ಮುಂತಾದ ಅಪರಾಧಗಳಿಗಾಗಿ ವರ್ಷದಲ್ಲಿ ಎರಡಕ್ಕಿಂತ ಹೆಚ್ಚು ಬಾರಿ ಪ್ರಕರಣ ದಾಖಲಾದವರನ್ನು ನೇಮಿಸಕೂಡದು. ಅತಿವೇಗ, ಮದ್ಯಪಾನ ಚಾಲನೆ ಅಥವಾ ಅಪಾಯಕಾರಿ ಚಾಲನೆಗಾಗಿ ಒಂದು ಬಾರಿ ಪ್ರಕರಣ ದಾಖಲಾಗಿದ್ದರೂ ಅಂತಹವರನ್ನು ನೇಮಿಸಕೂಡದು.

(2) ನೇಮಕಕ್ಕೆ ಮುನ್ನ ಚಾಲಕ ಹಾಗೂ ಸಹಾಯಕರ ಬಗ್ಗೆ ಪೊಲೀಸ್ ಪರಿಶೀಲನೆ ಮಾಡಿಸತಕ್ಕದ್ದು. ಖಾಯಂ ಚಾಲಕರು ರಜೆಯಲ್ಲಿರುವಾಗ ಬರುವ ಬದಲಿ ಚಾಲಕರಿಗೂ ಇದು ಅನ್ವಯಿಸುತ್ತದೆ. ಬದಲಿ ಚಾಲಕರ ಪಟ್ಟಿಯನ್ನು ಮೊದಲೇ ಸಿದ್ಧಪಡಿಸಿಕೊಂಡಲ್ಲಿ ಸಿಕ್ಕವರನ್ನು ಕೂರಿಸುವ ಪ್ರಮೇಯ ಬರುವುದಿಲ್ಲ.

(3) ಚಾಲಕರ ದೃಷ್ಟಿ, ರಕ್ತದೊತ್ತಡ ಹಾಗೂ ಸಾಮಾನ್ಯ ಆರೋಗ್ಯವನ್ನು ನಿಯತವಾಗಿ ಪರೀಕ್ಷಿಸಬೇಕು. ರಾತ್ರಿ ಬೇರೆ ವಾಹನ ಓಡಿಸಿ ಬೆಳಿಗ್ಗೆ ಶಾಲಾ ಬಸ್ಸು ಹಿಡಿಯುವ ಪದ್ಧತಿಗೆ ಆಡಳಿತ ಮಂಡಳಿ ಅವಕಾಶ ಕೊಡಬಾರದು. ಚಾಲಕರಿಗೆ ನ್ಯಾಯವಾದ ವೇತನ ಮತ್ತು ವಿಶ್ರಾಂತಿ ಒದಗಿಸುವುದೂ ಮಕ್ಕಳ ಸುರಕ್ಷತೆಯ ಭಾಗವೇ ಆಗಿರುತ್ತದೆ.

(4) 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಾಂಶವಿದ್ದಲ್ಲಿ ಕಲಂ 185ರ ಅನ್ವಯ ಮೊದಲ ಅಪರಾಧಕ್ಕೆ 6 ತಿಂಗಳವರೆಗೆ ಕಾರಾವಾಸ ಅಥವಾ ರೂ. 10,000 ದಂಡ ಅಥವಾ ಎರಡನ್ನೂ ವಿಧಿಸಬಹುದು. ಹಿಂದಿನ ರಾತ್ರಿ ಸೇವಿಸಿದ ಮದ್ಯದ ಅಂಶವು ಬೆಳಿಗ್ಗೆಯೂ ರಕ್ತದಲ್ಲಿ ಉಳಿದಿರಬಹುದು. ಈ ಕಾರಣದಿಂದಲೇ ಬೆಂಗಳೂರು ಸಂಚಾರ ಪೊಲೀಸರು ಬೆಳಗಿನ ವೇಳೆಯಲ್ಲಿ ಶಾಲಾ ವಾಹನ ಚಾಲಕರ ವಿಶೇಷ ತಪಾಸಣೆಗಳನ್ನು ನಡೆಸಿದ್ದಾರೆ.

(5) ಪ್ರತಿ ಬಸ್ಸಿನಲ್ಲಿ ತರಬೇತಿ ಪಡೆದ ಸಹಾಯಕರಿರತಕ್ಕದ್ದು. ಹೆಣ್ಣುಮಕ್ಕಳು ಹಾಗೂ ಪುಟ್ಟ ಮಕ್ಕಳು ಪ್ರಯಾಣಿಸುವ ವಾಹನದಲ್ಲಿ ಮಹಿಳಾ ಸಹಾಯಕರಿರಬೇಕು. ಕೊನೆಯ ಮಗು ಇಳಿಯುವವರೆಗೂ ಅವರು ವಾಹನದಲ್ಲಿಯೇ ಇರತಕ್ಕದ್ದು. ತಮ್ಮ ಮನೆ ಹತ್ತಿರ ಬಂತೆಂದು ಮಧ್ಯದಲ್ಲಿ ಇಳಿಯಕೂಡದು.

(6) ವಾಹನದಲ್ಲಿ ಪ್ರಯಾಣಿಸುವ ಮಕ್ಕಳ ಹೆಸರು, ತರಗತಿ, ವಿಳಾಸ, ರಕ್ತದ ಗುಂಪು, ಇಳಿಯುವ ಸ್ಥಳ ಹಾಗೂ ಪೋಷಕರ ದೂರವಾಣಿ ಸಂಖ್ಯೆಗಳ ಪಟ್ಟಿ ಮತ್ತು ಮಾರ್ಗದ ವಿವರ ಸಹಾಯಕರ ಬಳಿ ಇರತಕ್ಕದ್ದು.

8. ಹತ್ತುವಾಗ ಮತ್ತು ಇಳಿಯುವಾಗ

ಚಲಿಸುವ ಬಸ್ಸಿನೊಳಗಿಗಿಂತ ನಿಂತ ಬಸ್ಸಿನ ಸುತ್ತಲಿನ ಕೆಲವು ಅಡಿಗಳ ಜಾಗ ಚಿಕ್ಕ ಮಕ್ಕಳಿಗೆ ಹೆಚ್ಚು ಅಪಾಯಕರವಾಗಬಲ್ಲದು. ಬಸ್ಸಿನ ಮುಂಭಾಗಕ್ಕೆ ಒತ್ತಿ ನಡೆಯುವ ಮಗುವಿನ ಎತ್ತರವು ಚಾಲಕರ ದೃಷ್ಟಿಗೆ ನಿಲುಕುವುದಿಲ್ಲ. ಹಿಂಬದಿಯಲ್ಲಿ ಹಾಗೂ ಹಿಂದಿನ ಚಕ್ರದ ಪಕ್ಕದಲ್ಲಿ ಇರುವ ಮಗು ಕನ್ನಡಿಯಲ್ಲಿಯೂ ಕಾಣದಿರಬಹುದು. ಇದನ್ನು ತಪ್ಪಿಸಲು ಈ ಕೆಳಕಂಡ ಕ್ರಮಗಳನ್ನು ಅನುಸರಿಸತಕ್ಕದ್ದು:

(1) ಸಹಾಯಕರು ಮೊದಲು ಇಳಿದು ನಂತರ ಮಕ್ಕಳನ್ನು ಇಳಿಸತಕ್ಕದ್ದು. ಹತ್ತಿಸುವಾಗ ಕೊನೆಯಲ್ಲಿ ತಾವು ಹತ್ತತಕ್ಕದ್ದು.

(2) ರಸ್ತೆಯ ಆಚೆ ಬದಿಯಲ್ಲಿ ಮನೆಯಿರುವ ಮಗುವನ್ನು ಸಹಾಯಕರೇ ಕೈಹಿಡಿದು ದಾಟಿಸತಕ್ಕದ್ದು. ಸಾಧ್ಯವಿದ್ದೆಡೆ ಮನೆಯ ಬದಿಯಲ್ಲಿಯೇ ಬಸ್ಸು ನಿಲ್ಲುವಂತೆ ಮಾರ್ಗವನ್ನು ರೂಪಿಸಬೇಕು.

(3) ಸಹಾಯಕರು ಹಿಂದೆ ನಿಂತು ಸೂಚನೆ ನೀಡಿದ ಹೊರತು ಬಸ್ಸನ್ನು ಹಿಮ್ಮುಖವಾಗಿ ಚಲಾಯಿಸಕೂಡದು. ಶಾಲಾ ಆವರಣದಲ್ಲಿ ಬಸ್ಸುಗಳಿಗೂ ನಡೆದು ಬರುವ ಮಕ್ಕಳಿಗೂ ಪ್ರತ್ಯೇಕ ದಾರಿಯಿರುವುದು ಅವಶ್ಯ.

(4) ಶಿಶುವಿಹಾರದ ಮಕ್ಕಳನ್ನು ಪೋಷಕರು ಮೊದಲೇ ಸೂಚಿಸಿದ ವ್ಯಕ್ತಿಗೆ ಮಾತ್ರ ಒಪ್ಪಿಸತಕ್ಕದ್ದು. ಅಂತಹವರು ನಿಲುಗಡೆಯಲ್ಲಿ ಇಲ್ಲದಿದ್ದಲ್ಲಿ ಮಗುವನ್ನು ಶಾಲೆಗೆ ಮರಳಿ ಕರೆತಂದು ಪೋಷಕರಿಗೆ ತಿಳಿಸತಕ್ಕದ್ದು. ಅಂಗಡಿಯವರ ಬಳಿ ಬಿಟ್ಟುಹೋಗುವುದು ಸರಿಯಲ್ಲ.

(5) ಪ್ರತಿ ಸುತ್ತಿನ ಕೊನೆಯಲ್ಲಿ ಚಾಲಕ ಅಥವಾ ಸಹಾಯಕರು ಹಿಂದಿನ ಆಸನದವರೆಗೆ ನಡೆದು ಹೋಗಿ ನೋಡತಕ್ಕದ್ದು. ನಿದ್ರೆಹೋದ ಮಗು ಮುಚ್ಚಿದ ವಾಹನದಲ್ಲಿ ಉಳಿದಲ್ಲಿ ಬಿಸಿಲಿನ ತಾಪದಿಂದ ಅಲ್ಪಕಾಲದಲ್ಲಿಯೇ ಪ್ರಾಣಾಪಾಯವಾಗಬಹುದು.

(6) ಮಲೆನಾಡು, ಕರಾವಳಿ ಹಾಗೂ ಕೊಡಗು ಪ್ರದೇಶಗಳಲ್ಲಿ ಮಳೆಗಾಲದಲ್ಲಿ ನೀರು ಹರಿಯುತ್ತಿರುವ ಕಿರುಸೇತುವೆ ಅಥವಾ ರಸ್ತೆಯ ಮೇಲೆ ವಾಹನವನ್ನು ಇಳಿಸಕೂಡದು. ನೀರಿನ ಆಳ ಹಾಗೂ ರಸ್ತೆಯ ಅಂಚು ಕಾಣದಿದ್ದಲ್ಲಿ ವಾಹನವನ್ನು ಸುರಕ್ಷಿತ ಸ್ಥಳದಲ್ಲಿ ನಿಲ್ಲಿಸಿ ಶಾಲೆಗೆ ಮಾಹಿತಿ ನೀಡತಕ್ಕದ್ದು.

9. ಖಾಸಗಿ ವ್ಯಾನ್ ಮತ್ತು ಆಟೋರಿಕ್ಷಾಗಳು

ಶಾಲಾ ಬಸ್ಸಿನ ಶುಲ್ಕ ಭರಿಸಲಾಗದ ಅಥವಾ ಬಸ್ಸು ಪ್ರವೇಶಿಸಲಾಗದ ಓಣಿಗಳಲ್ಲಿ ವಾಸಿಸುವ ಅನೇಕ ಕುಟುಂಬಗಳು ವ್ಯಾನ್ ಹಾಗೂ ಆಟೋರಿಕ್ಷಾಗಳನ್ನು ಅವಲಂಬಿಸಿವೆ. ಅಗ್ಗದ ದರಕ್ಕೆ ಒಪ್ಪಿದ ಚಾಲಕರು ಹೆಚ್ಚು ಮಕ್ಕಳನ್ನು ತುಂಬಿ ಖರ್ಚು ಸರಿದೂಗಿಸುವುದು ಅಪಾಯಕ್ಕೆ ದಾರಿಯಾಗುತ್ತದೆ. ಗೊತ್ತುಮಾಡುವ ಮುನ್ನ ಪೋಷಕರು ಈ ಅಂಶಗಳನ್ನು ಗಮನಿಸಬೇಕು:

(1) ಬಾಡಿಗೆಗೆ ಓಡುವ ವಾಹನಕ್ಕೆ ಹಳದಿ ಫಲಕದ ಮೇಲೆ ಕಪ್ಪು ಅಕ್ಷರದ ನೋಂದಣಿ ಸಂಖ್ಯೆ ಇರುತ್ತದೆ. ಬಿಳಿ ಫಲಕದ ಸ್ವಂತ ಬಳಕೆಯ ವಾಹನದಲ್ಲಿ ಹಣ ಪಡೆದು ಮಕ್ಕಳನ್ನು ಸಾಗಿಸುವುದು ಕಾನೂನುಬಾಹಿರ. ಅಪಘಾತ ಸಂಭವಿಸಿದಲ್ಲಿ ವಿಮಾ ಪರಿಹಾರಕ್ಕೂ ತೊಡಕಾಗಬಹುದು.

(2) ಅನಿಲ ಇಂಧನದ ವಾಹನವಾದಲ್ಲಿ ಅದು ನೋಂದಣಿ ಪ್ರಮಾಣಪತ್ರದಲ್ಲಿ ನಮೂದಾಗಿರತಕ್ಕದ್ದು. ಅಡುಗೆ ಅನಿಲದ ಸಿಲಿಂಡರ್ ಬಳಸುವ ವಾಹನದಲ್ಲಿ ಯಾವ ಕಾರಣಕ್ಕೂ ಮಕ್ಕಳನ್ನು ಕಳುಹಿಸಬಾರದು.

(3) ಆಟೋರಿಕ್ಷಾದಲ್ಲಿ ಚಾಲಕರ ಆಸನವನ್ನು ಮಕ್ಕಳು ಹಂಚಿಕೊಳ್ಳಕೂಡದು. ಚಾಲಕರ ತೋಳಿಗೆ ಅಡ್ಡಿಯಾದಲ್ಲಿ ಹ್ಯಾಂಡಲ್ ತಿರುಗಿಸುವುದು ಕಷ್ಟವಾಗುತ್ತದೆ.

(4) ಕಾರು ಮತ್ತು ವ್ಯಾನ್‌ಗಳಲ್ಲಿ 14 ವರ್ಷ ತುಂಬದ ಮಗುವಿಗೆ ಸೀಟ್ ಬೆಲ್ಟ್ ಅಥವಾ ಮಕ್ಕಳ ಸುರಕ್ಷಾ ಆಸನವನ್ನು ಬಳಸುವುದು ಕಲಂ 194ಬಿ ಪ್ರಕಾರ ಕಡ್ಡಾಯವಾಗಿದ್ದು, ತಪ್ಪಿದಲ್ಲಿ ರೂ. 1,000 ದಂಡವಿರುತ್ತದೆ.

ಸಮೀಪದಲ್ಲಿ ನಿಗಮದ ಬಸ್ಸು ಸೌಲಭ್ಯವಿರುವ ಪೋಷಕರು ವಿದ್ಯಾರ್ಥಿ ರಿಯಾಯಿತಿ ಪಾಸಿಗಾಗಿ ‘ಸೇವಾ ಸಿಂಧು’ ಮೂಲಕ ಅರ್ಜಿ ಸಲ್ಲಿಸಬಹುದು. 2023ರ ಜೂನ್ 11ರಂದು ಪ್ರಾರಂಭವಾದ ‘ಶಕ್ತಿ’ ಯೋಜನೆಯಡಿ ವಿದ್ಯಾರ್ಥಿನಿಯರು ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದೊಳಗೆ ಉಚಿತವಾಗಿ ಪ್ರಯಾಣಿಸಬಹುದು.

10. ಪೋಷಕರ ಪಾತ್ರ

(1) ವಾಹನದ ನೋಂದಣಿ ಸಂಖ್ಯೆಯನ್ನು ಬರೆದಿಟ್ಟುಕೊಂಡು, ‘ಎಂಪರಿವಾಹನ್’ ಆನ್ವಯಿಕದಲ್ಲಿ ಅರ್ಹತಾ ಪತ್ರ, ವಿಮೆ ಹಾಗೂ ಹೊಗೆ ತಪಾಸಣೆಯ ಅವಧಿಯನ್ನು ಪರಿಶೀಲಿಸಿಕೊಳ್ಳಬಹುದು.

(2) ಪೋಷಕರು ಅಥವಾ ಶಿಕ್ಷಕರು ಬಸ್ಸಿನಲ್ಲಿ ಪ್ರಯಾಣಿಸಿ ಸುರಕ್ಷತಾ ವ್ಯವಸ್ಥೆಯನ್ನು ನೋಡುವ ಅವಕಾಶವನ್ನು ಮಾರ್ಗಸೂಚಿಗಳು ನೀಡಿವೆ. ಪೋಷಕರ ಸಭೆಯಲ್ಲಿ ನಿರ್ಣಯಿಸಿ ಸರದಿಯಂತೆ ಇದನ್ನು ಮಾಡಬಹುದು.

(3) ಬಸ್ಸು ಬರುವ 5 ನಿಮಿಷ ಮುಂಚೆಯೇ ಮಗುವನ್ನು ನಿಲುಗಡೆಗೆ ಕರೆತರಬೇಕು. ತಡವಾಗಿ ಓಡಿ ಬರುವ ಮಗು ರಸ್ತೆಯ ಎರಡೂ ಬದಿ ನೋಡುವುದಿಲ್ಲ. ತಡವಾದ ಸಮಯವನ್ನು ಸರಿದೂಗಿಸಲು ಚಾಲಕರೂ ವೇಗ ಹೆಚ್ಚಿಸುತ್ತಾರೆ.

(4) ಮಗುವಿನೊಡನೆ ಪ್ರಯಾಣದ ಬಗ್ಗೆ ಮಾತನಾಡುತ್ತಿರಬೇಕು. ಮಗು ಏಕಾಏಕಿ ಬಸ್ಸು ಹತ್ತಲು ಹಿಂಜರಿದಲ್ಲಿ ಅದನ್ನು ಹಠವೆಂದು ಗದರಿಸದೆ ಕಾರಣವನ್ನು ಸಮಾಧಾನದಿಂದ ತಿಳಿಯಬೇಕು. ಲೈಂಗಿಕ ಕಿರುಕುಳದ ಮಾಹಿತಿ ತಿಳಿದ ಯಾವುದೇ ವ್ಯಕ್ತಿಯು ಅದನ್ನು ಪೊಲೀಸರಿಗೆ ತಿಳಿಸುವುದು ಪೋಕ್ಸೊ ಕಾಯ್ದೆ, 2012ರ ಕಲಂ 19ರಂತೆ ಕಡ್ಡಾಯ. ಶಾಲೆಯ ಹೆಸರು ಕೆಡುತ್ತದೆ ಎಂಬ ಕಾರಣಕ್ಕೆ ಆಡಳಿತ ಮಂಡಳಿಯೂ ಇದನ್ನು ಮುಚ್ಚಿಡುವಂತಿಲ್ಲ.

11. ಅಪಘಾತ ಸಂಭವಿಸಿದಲ್ಲಿ

ಕಲಂ 134ರಂತೆ ಗಾಯಾಳುಗಳಿಗೆ ವೈದ್ಯಕೀಯ ನೆರವು ಒದಗಿಸುವುದು ಚಾಲಕರ ಕರ್ತವ್ಯ. ತುರ್ತು ನೆರವಿಗೆ 112, ಆಂಬ್ಯುಲೆನ್ಸ್‌ಗೆ 108 ಸಂಖ್ಯೆಗೆ ಕರೆ ಮಾಡತಕ್ಕದ್ದು. ನೆರವಿಗೆ ಬಂದ ಸಾರ್ವಜನಿಕರಿಗೆ ಕಲಂ 134ಎ ರಕ್ಷಣೆ ನೀಡುತ್ತದೆ. 2025ರ ಮೇ ತಿಂಗಳಿನಲ್ಲಿ ಕೇಂದ್ರ ಸರ್ಕಾರವು ಅಧಿಸೂಚಿಸಿದ ಯೋಜನೆಯಂತೆ ರಸ್ತೆ ಅಪಘಾತದ ಗಾಯಾಳುವಿಗೆ ನಿಯೋಜಿತ ಆಸ್ಪತ್ರೆಗಳಲ್ಲಿ 7 ದಿನಗಳವರೆಗೆ ರೂ. 1.5 ಲಕ್ಷದ ಮಿತಿಯಲ್ಲಿ ನಗದುರಹಿತ ಚಿಕಿತ್ಸೆ ಲಭ್ಯವಿದೆ. ಪರಿಹಾರಕ್ಕಾಗಿ ಕಲಂ 166ರಡಿ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಬೇಕು. ಕಾಯ್ದೆಯಲ್ಲಿ ಇದಕ್ಕೆ ಅಪಘಾತದ ದಿನದಿಂದ 6 ತಿಂಗಳ ಅವಧಿಯನ್ನು ನಮೂದಿಸಿರುವುದರಿಂದ ವಿಳಂಬ ಮಾಡಬಾರದು.

12. ದೂರು ಸಲ್ಲಿಸುವ ವಿಧಾನ

ಮೊದಲಿಗೆ ಶಾಲೆಯ ಮುಖ್ಯಸ್ಥರಿಗೆ ಲಿಖಿತವಾಗಿ ದೂರು ನೀಡಿ ಸ್ವೀಕೃತಿ ಪಡೆಯುವುದು ಒಳಿತು. ದೂರಿನಲ್ಲಿ ವಾಹನದ ನೋಂದಣಿ ಸಂಖ್ಯೆ, ದಿನಾಂಕ, ವೇಳೆ, ಸ್ಥಳ ಹಾಗೂ ಕಂಡುಬಂದ ಲೋಪವನ್ನು ನಮೂದಿಸಿ, ಸಾಧ್ಯವಿದ್ದಲ್ಲಿ ಛಾಯಾಚಿತ್ರ ಲಗತ್ತಿಸಬೇಕು. ಕ್ರಮ ಕೈಗೊಳ್ಳದಿದ್ದಲ್ಲಿ:

- ದಾಖಲೆ, ವಾಹನದ ಸ್ಥಿತಿ, ಮಿತಿಮೀರಿದ ಮಕ್ಕಳ ಸಾಗಣೆ: ಸಂಬಂಧಪಟ್ಟ ಪ್ರಾದೇಶಿಕ ಸಾರಿಗೆ ಅಧಿಕಾರಿಗಳಿಗೆ
- ಅತಿವೇಗ, ಮದ್ಯಪಾನ, ಅಪಾಯಕಾರಿ ಚಾಲನೆ: ಸಂಚಾರ ಪೊಲೀಸ್ ಠಾಣೆಗೆ ಅಥವಾ 112 ಸಂಖ್ಯೆಗೆ
- ಶಾಲಾ ಆಡಳಿತದ ನಿರ್ಲಕ್ಷ್ಯ: ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಅಥವಾ ಜಿಲ್ಲಾ ಉಪನಿರ್ದೇಶಕರಿಗೆ
- ಮಗುವಿಗೆ ಕಿರುಕುಳ ಅಥವಾ ಹಿಂಸೆ: ಪೊಲೀಸ್ ಠಾಣೆಗೆ ಅಥವಾ ಮಕ್ಕಳ ಸಹಾಯವಾಣಿ 1098ಕ್ಕೆ

13. ಸಾಮಾನ್ಯ ಪ್ರಶ್ನೆಗಳು

ಪ್ರಶ್ನೆ: ವಾಹನ ಶಾಲೆಯದ್ದಲ್ಲ, ಗುತ್ತಿಗೆದಾರರದ್ದು, ಆದುದರಿಂದ ಜವಾಬ್ದಾರಿ ತಮ್ಮದಲ್ಲ ಎಂದು ಶಾಲೆ ಹೇಳಿದಲ್ಲಿ?
ಉತ್ತರ: ಶಾಲೆಯು ಗೊತ್ತುಮಾಡಿದ ಗುತ್ತಿಗೆ ವಾಹನಕ್ಕೂ ಶಾಲಾ ಬಸ್ಸಿನ ಷರತ್ತುಗಳು ಅನ್ವಯಿಸುತ್ತವೆ. ದಾಖಲೆಗಳನ್ನು ಪರಿಶೀಲಿಸದೆ ವಾಹನವನ್ನು ಗುತ್ತಿಗೆಗೆ ಪಡೆಯಬಾರದು.

ಪ್ರಶ್ನೆ: ದೂರು ನೀಡಿದರೆ ಇದ್ದ ವಾಹನವೂ ನಿಂತುಹೋಗುವುದಲ್ಲವೇ?
ಉತ್ತರ: ಈ ಆತಂಕ ಸಹಜವಾದುದು. ಒಬ್ಬರ ಬದಲಿಗೆ ಒಂದು ಮಾರ್ಗದ ಪೋಷಕರೆಲ್ಲರೂ ಸೇರಿ, ಲೋಪ ಸರಿಪಡಿಸಲು ದಿನಾಂಕ ಗೊತ್ತುಪಡಿಸುವಂತೆ ಶಾಲೆಯನ್ನು ಲಿಖಿತವಾಗಿ ಕೋರುವುದು ಉತ್ತಮ ಮಾರ್ಗ. ಆದರೆ ಬ್ರೇಕ್ ದೋಷ, ಮದ್ಯಪಾನ ಅಥವಾ ಅನಿಲ ಸೋರಿಕೆಯಂತಹ ತಕ್ಷಣದ ಅಪಾಯವಿದ್ದಲ್ಲಿ ಕಾಯದೆ ಅಂದೇ ತಿಳಿಸಬೇಕು. ವಾಹನ ನಿಂತ ದಿನ ಶಾಲೆಗೆ ಒಂದು ದಿನದ ಹಾಜರಾತಿ ತಪ್ಪಬಹುದು; ಅಪಘಾತದ ನಷ್ಟ ತುಂಬಿಬರುವಂಥದ್ದಲ್ಲ.

ಪ್ರಶ್ನೆ: ವಾಹನದ ಸಿ.ಸಿ.ಟಿ.ವಿ. ಇದ್ದರೆ ಸಹಾಯಕರ ಅಗತ್ಯವಿದೆಯೇ?
ಉತ್ತರ: ಇದೆ. ಕ್ಯಾಮರಾವು ನಡೆದ ಸಂಗತಿಯನ್ನು ದಾಖಲಿಸುತ್ತದೆ. ಮಗುವಿನ ಕೈಹಿಡಿದು ರಸ್ತೆ ದಾಟಿಸುವುದಿಲ್ಲ.

14. ಹೆಚ್ಚಿನ ಮಾಹಿತಿ

ನೋಂದಣಿ, ರಹದಾರಿ ಹಾಗೂ ಅರ್ಹತಾ ಪತ್ರದ ಶುಲ್ಕ ಮತ್ತು ಲಗತ್ತುಗಳ ವಿವರಗಳಿಗಾಗಿ ತಮ್ಮ ವ್ಯಾಪ್ತಿಯ ಪ್ರಾದೇಶಿಕ ಸಾರಿಗೆ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದು. ಅರ್ಜಿಗಳನ್ನು ನೇರವಾಗಿ ಸಲ್ಲಿಸಿ, ಸ್ವೀಕೃತಿ ಸಂಖ್ಯೆಯನ್ನು ಕಾಯ್ದಿರಿಸಿಕೊಳ್ಳಲು ಹಾಗೂ ಮಧ್ಯವರ್ತಿಗಳನ್ನು ಆಶ್ರಯಿಸದಿರಲು ಸಾರ್ವಜನಿಕರನ್ನು ಕೋರಲಾಗಿದೆ.